ಏಳು ಪ್ರಶ್ನೆಗಳ ತಕ್ಕಡಿ



ಜ್ವರವನ್ನು ಅಳೆಯಲು ಉಷ್ಣಮಾಪಕವಿದೆ; ರಕ್ತದೊತ್ತಡವನ್ನು ಅಳೆಯಲೂ ಉಪಕರಣವಿದೆ. ಆದರೆ ನಡುರಾತ್ರಿಯಲ್ಲಿ ಎಚ್ಚರಗೊಂಡು, ಕಾರಣ ತಿಳಿಯದೆ ಎದೆ ಡವಗುಟ್ಟುವ ಮನುಷ್ಯನ ಕಳವಳವನ್ನು ಯಾವುದರಿಂದ ಅಳೆಯುವುದು? ಇದಕ್ಕೆಂದು ಮನಃಶಾಸ್ತ್ರವು ಪ್ರಶ್ನಾವಳಿಗಳನ್ನು ರೂಪಿಸಿಕೊಂಡಿದೆ. ಇಂದು ಅವು ಆಸ್ಪತ್ರೆಯ ಗೋಡೆಯನ್ನು ದಾಟಿ ನಿಮ್ಮ ಕೈಯ ಮೊಬೈಲಿಗೂ ಬಂದಿರುವುದರಿಂದ ಅವುಗಳ ಗುಣದೋಷಗಳನ್ನು ವಿವೇಚಿಸುವುದು ಅವಶ್ಯ.

1959ರಲ್ಲಿ ಮ್ಯಾಕ್ಸ್ ಹ್ಯಾಮಿಲ್ಟನ್ ರಚಿಸಿದ ಅಳತೆಗೋಲಿನ ಇಂದಿನ ರೂಪದಲ್ಲಿ 14 ಅಂಶಗಳಿವೆ. ಅಂಕ ನೀಡುತ್ತಿದ್ದವನು ರೋಗಿಯಲ್ಲ, ಎದುರಿಗೆ ಕುಳಿತ ವೈದ್ಯ. 1970ರಲ್ಲಿ ಚಾರ್ಲ್ಸ್ ಸ್ಪೀಲ್‌ಬರ್ಗರ್ ಮತ್ತು ಸಂಗಡಿಗರು ಒಂದು ಸೂಕ್ಷ್ಮವನ್ನು ಗುರುತಿಸಿ, ಈ ಗಳಿಗೆಯ ಆತಂಕಕ್ಕೆ 20, ಸ್ವಭಾವದಲ್ಲೇ ನೆಲೆಸಿದ ಆತಂಕಕ್ಕೆ 20 ಹೇಳಿಕೆಗಳನ್ನು ಬೇರೆಬೇರೆಯಾಗಿಯೇ ಇಟ್ಟರು. 1988ರಲ್ಲಿ ಏರನ್ ಬೆಕ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಪಟ್ಟಿಯ 21 ಲಕ್ಷಣಗಳಲ್ಲಿ ಬಹುಪಾಲು ದೇಹಕ್ಕೆ ಸೇರಿದವು. ಥೈರಾಯ್ಡ್ ಗ್ರಂಥಿಯ ಅತಿಯಾದ ಚಟುವಟಿಕೆಯಿಂದಲೂ ಕೈ ನಡುಗುತ್ತದೆ, ಎದೆ ಬಡಿದುಕೊಳ್ಳುತ್ತದೆ ಎಂಬುದನ್ನು ಇಲ್ಲಿ ಮರೆಯಲಾಗದು.

ಇಂದು ಹೆಚ್ಚು ಬಳಕೆಯಲ್ಲಿರುವುದು ರಾಬರ್ಟ್ ಸ್ಪಿಟ್ಜರ್ ಮತ್ತು ಸಂಗಡಿಗರು 2006ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ಜಿಎಡಿ-7. ಕಳೆದ ಎರಡು ವಾರಗಳ ಬಗ್ಗೆ ಏಳು ಪ್ರಶ್ನೆಗಳು, ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 21. ಐದಕ್ಕೆ ಸೌಮ್ಯ, ಹತ್ತಕ್ಕೆ ಮಧ್ಯಮ, ಹದಿನೈದಕ್ಕೆ ತೀವ್ರ ಆತಂಕದ ಗಡಿ. ಇದರ ಹಿರಿಮೆ ಸರಳತೆಯಲ್ಲಿದೆ. ತನ್ನ ಸಂಕಟವನ್ನು ಬಾಯಿಬಿಟ್ಟು ಹೇಳಲು ನಾಚುವ ಗೃಹಸ್ಥನೂ ಕಾಗದದ ಮೇಲೆ ಒಂದು ಗುರುತು ಹಾಕಬಲ್ಲನು. ಚಿಕಿತ್ಸೆ ಫಲಿಸುತ್ತಿದೆಯೇ ಎಂಬುದನ್ನು ತಿಂಗಳಿಂದ ತಿಂಗಳಿಗೆ ಹೋಲಿಸಿ ನೋಡಲೂ ಇದು ನೆರವಾಗುತ್ತದೆ.

ಆದರೆ ಲೆಕ್ಕವನ್ನು ತುಸು ಗಮನಿಸಿ. ಮೂಲ ಅಧ್ಯಯನದಲ್ಲಿ ಹತ್ತನ್ನು ಗಡಿಯಾಗಿಟ್ಟಾಗ, ವ್ಯಾಪಕ ಆತಂಕದ ಕಾಯಿಲೆಯುಳ್ಳವರಲ್ಲಿ ನೂರಕ್ಕೆ 89 ಮಂದಿ ಸಿಕ್ಕಿದರು. ಇಲ್ಲದವರಲ್ಲಿ ನೂರಕ್ಕೆ 82 ಮಂದಿ ಗಡಿಯೊಳಗೇ ಉಳಿದರು. ಒಂದು ಊರಿನ ಸಾವಿರ ಮಂದಿಯಲ್ಲಿ 50 ಮಂದಿಗೆ ಈ ಕಾಯಿಲೆಯಿದೆಯೆಂದು ಭಾವಿಸೋಣ. ಅವರಲ್ಲಿ ಸುಮಾರು 45 ಮಂದಿ ಗಡಿ ದಾಟುವರು. ಕಾಯಿಲೆಯಿಲ್ಲದ 950 ಮಂದಿಯಲ್ಲಿಯೂ 171 ಮಂದಿ ಗಡಿ ದಾಟುವರು! ಇವರಲ್ಲಿ ಕೆಲವರಿಗೆ ಬೇರೆ ಬಗೆಯ ತೊಂದರೆಯಿರಬಹುದು. ಮಗಳ ಮದುವೆಯ ಸಾಲವೋ ಮಗನ ಪರೀಕ್ಷೆಯೋ ಹಲವರ ನಿದ್ದೆ ಕೆಡಿಸಿರಬಹುದು. ಇತ್ತ, ಕಾಯಿಲೆಯಿದ್ದೂ ಐದಾರು ಮಂದಿ ನುಸುಳಿಹೋಗುವರು. ಆದುದರಿಂದ ಇದು ಜರಡಿಯೇ ಹೊರತು ತೀರ್ಪಲ್ಲ.

ಭಾಷೆಯ ತೊಡಕೂ ಇದೆ. ಕಳವಳ, ದಿಗಿಲು, ತಳಮಳ, ಚಿಂತೆ ಎಂಬ ನಮ್ಮ ಮಾತುಗಳ ತೂಕ ಒಂದೇ ಅಲ್ಲ. ‘ಎದೆ ಭಾರ’ ಎನ್ನುವ ತಾಯಿ ಯಾವ ಚೌಕದಲ್ಲಿ ಗುರುತು ಹಾಕಬೇಕು? ಕನ್ನಡಕ್ಕೆ ಪದಗಳನ್ನು ತಂದರಷ್ಟೇ ಸಾಲದು. ನಮ್ಮ ಜನರ ನಡುವೆ ಅವುಗಳನ್ನು ಒರೆಗೆ ಹಚ್ಚಿಯೂ ನೋಡಬೇಕು.

ಈ ಪ್ರಶ್ನಾವಳಿಯ ಕೊನೆಯಲ್ಲಿ ಅಂಕವಿಲ್ಲದ ಇನ್ನೊಂದು ಪ್ರಶ್ನೆಯಿದೆ: ಈ ತೊಂದರೆಗಳಿಂದ ನಿಮ್ಮ ದುಡಿಮೆಗೆ, ಮನೆಗೆಲಸಕ್ಕೆ, ಇತರರೊಡನೆ ಬಾಳುವುದಕ್ಕೆ ಎಷ್ಟು ಕಷ್ಟವಾಗಿದೆ ಎಂಬುದು. ನನ್ನ ಎಣಿಕೆಯಲ್ಲಿ ಇಡೀ ಪತ್ರದ ಜೀವಾಳ ಇದೇ. ಏಕೆಂದರೆ ಇದು ಸಂಖ್ಯೆಯನ್ನು ಬಿಟ್ಟು ಬದುಕನ್ನು ಕೇಳುತ್ತದೆ.

ಆದುದರಿಂದ ಓದುಗರೇ, ಅಂಕ ಹೆಚ್ಚಾದರೆ ಹೆದರಬೇಡಿ, ವೈದ್ಯರನ್ನು ಕಾಣಿರಿ. ಅಂಕ ಕಡಿಮೆಯಾಗಿಯೂ ಮನಸ್ಸು ನರಳುತ್ತಿದ್ದರೆ ಆಗಲೂ ಕಾಣಿರಿ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಬಹುದು. ನಿಮ್ಮ ಮನೆಯವರೊಬ್ಬರು ಅಂಥ ಪತ್ರವನ್ನು ತುಂಬಿ ತಂದರೆ, ‘ನಿನಗೆ ಧೈರ್ಯ ಸಾಲದು’ ಎನ್ನದಿರಿ; ಹಾಗೆನ್ನುವುದೂ ಒಂದು ಅಳತೆಯೇ, ಅದೂ ಎಲ್ಲಕ್ಕಿಂತ ತಪ್ಪಾದ ಅಳತೆ. ಬದಲಿಗೆ ಅವರ ಪಕ್ಕದಲ್ಲಿ ಕುಳಿತು ಆ ಎಂಟನೆಯ ಪ್ರಶ್ನೆಯನ್ನು ನೀವೇ ಕೇಳಿರಿ. ಉತ್ತರ ಮುಗಿಯುವ ತನಕ ಏಳಬೇಡಿರಿ.