ಬೆರಳ ತುದಿಯ ಗ್ರೀಕ್

ಫ್ಲಾರೆನ್ಸ್ ನಗರದ ಲಾರೆಂಜಿಯಾನಾ ಗ್ರಂಥಭಂಡಾರದಲ್ಲಿ ಹತ್ತನೆಯ ಶತಮಾನದ ಒಂದು ಚರ್ಮದ ಹಸ್ತಪ್ರತಿ ಇದೆ. ಈಸ್ಕಿಲಸ್ ಕವಿಯ ಏಳು ನಾಟಕಗಳು, ಸೊಫೋಕ್ಲೀಸನ ಏಳು ನಾಟಕಗಳು, ಇವುಗಳೊಡನೆ ಅಪೊಲೋನಿಯಸ್ಸನ ಒಂದು ಕಾವ್ಯ, ಎಲ್ಲವೂ ಒಂದೇ ಕಟ್ಟಿನಲ್ಲಿವೆ. ‘ಅಗಮೆಮ್ನಾನ್’ ನಾಟಕದ ಬಹುಪಾಲು ಹಾಳೆಗಳು ಮಾತ್ರ ಕಳೆದುಹೋಗಿವೆ. ಈ ಹಳೆಯ ಚರ್ಮದ ಕಟ್ಟಿನಿಂದ ಕನ್ನಡಿಗರಿಗೇನು ಎಂದು ಕೇಳಬಹುದು. ಬಿ. ಎಂ. ಶ್ರೀಕಂಠಯ್ಯನವರು 1929ರ ‘ಅಶ್ವತ್ಥಾಮನ್’ ನಾಟಕಕ್ಕೆ ಆಧಾರವಾಗಿ ಹಿಡಿದ ಸೊಫೋಕ್ಲೀಸನ ‘ಏಜಾಕ್ಸ್’, ಆಮೇಲೆ ‘ಪಾರಸಿಕರು’ ಎಂಬ ಹೆಸರಿನಿಂದ ಕನ್ನಡಕ್ಕೆ ತಂದ ಈಸ್ಕಿಲಸ್ಸನ ನಾಟಕ, ಇವೆರಡೂ ಆ ಕಟ್ಟಿನೊಳಗೇ ಇವೆ. ನಮ್ಮ ರುದ್ರನಾಟಕದ ತವರು ಅದೇ ಎಂದರೂ ತಪ್ಪಾಗದು.

ಶ್ರೀಯವರ ಕಾಲದಲ್ಲಿ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಕುಳಿತವರಿಗೆ ಆ ಹಾಳೆಗಳನ್ನು ಕಾಣುವುದು ಸುಲಭವಿರಲಿಲ್ಲ. ಅಚ್ಚಾದ ಪುಸ್ತಕವೇ ಗತಿ. ಇಂದು ಆ ಭಂಡಾರದವರೇ ಅದರ ಒಂದೊಂದು ಪುಟವನ್ನೂ ಛಾಯಾಚಿತ್ರವಾಗಿಸಿ ಲೋಕಕ್ಕೆ ತೆರೆದಿಟ್ಟಿದ್ದಾರೆ. ಕಳೆದ ಭಾನುವಾರ ಬೆಳಿಗ್ಗೆ ಕಾಫಿಯ ಲೋಟವನ್ನು ಪಕ್ಕದಲ್ಲಿಟ್ಟುಕೊಂಡು ನಾನು ಅದನ್ನು ನೋಡಿದೆ. ಸಾವಿರ ವರ್ಷದ ಹಿಂದಿನ ಲಿಪಿಕಾರನ ಕೈಯ ಓಟ, ಅಂಚಿನಲ್ಲಿ ಇರುವೆಸಾಲಿನಂತೆ ಬರೆದ ಹಳೆಯ ಟಿಪ್ಪಣಿಗಳು, ಎಲ್ಲವೂ ಕಣ್ಣ ಮುಂದೆ ಬಂದುವು. ಇದು ಸಣ್ಣ ಭಾಗ್ಯವಲ್ಲ. ಈ ಲೇಖನದಲ್ಲಿ ನಾನು ಮುಂದೆ ಹೇಳುವ ದೂರುಗಳನ್ನು ಓದುವವರು ಈ ಮಾತನ್ನು ಮರೆಯಬಾರದು.

ನಾನು ಗ್ರೀಕ್ ಕಲಿಯತೊಡಗಿದ್ದು ವಯಸ್ಸಾದ ಮೇಲೆ. ಊರಿನಲ್ಲಿ ಹೇಳಿಕೊಡುವ ಗುರು ಸಿಗಲಿಲ್ಲ, ಕಂಪ್ಯೂಟರ್ ಗುರುವಾಯಿತು. 1980ರ ದಶಕದಲ್ಲಿ ಆರಂಭವಾಗಿ ಈಗ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದವರು ನಡೆಸುತ್ತಿರುವ ‘ಪರ್ಸಿಯಸ್’ ಎಂಬ ಸಂಗ್ರಹದಲ್ಲಿ ಗ್ರೀಕ್, ಲ್ಯಾಟಿನ್ ಗ್ರಂಥಗಳು ಬಿಡಿಗಾಸಿಲ್ಲದೆ ದೊರೆಯುತ್ತವೆ. ಯಾವ ಪದವನ್ನು ಒತ್ತಿದರೂ ಅದರ ಧಾತು, ವಿಭಕ್ತಿ, ವಚನ, ಕಾಲ, ಲಿಡೆಲ್ ಮತ್ತು ಸ್ಕಾಟ್ ನಿಘಂಟಿನ ಅರ್ಥ, ಎಲ್ಲವೂ ಒಟ್ಟಿಗೆ ಬಂದು ನಿಲ್ಲುತ್ತವೆ. ಕ್ಯಾಲಿಫೋರ್ನಿಯದ ಅರ್ವೈನ್‌ನಲ್ಲಿ 1972ರಲ್ಲಿ ಹುಟ್ಟಿದ ಗ್ರೀಕ್ ಭಾಷೆಯ ‘ಥೆಸಾರಸ್’ ಇನ್ನೂ ದೊಡ್ಡದು. ಹೋಮರನಿಂದ ಹಿಡಿದು ಉಳಿದುಬಂದಿರುವ ಗ್ರೀಕ್ ಸಾಹಿತ್ಯದ ಬಹುಭಾಗ ಅದರಲ್ಲಿದೆ. ಆದರೆ ಅದನ್ನು ಪೂರ್ತಿ ಬಳಸಬೇಕಾದರೆ ಚಂದಾ ತೆರಬೇಕು.

ಇಲ್ಲಿಗೆ ನನ್ನ ಮೊದಲನೆಯ ಆಕ್ಷೇಪಣೆ. ಪರ್ಸಿಯಸ್‌ನಲ್ಲಿ ನಾನು ಓದಿದ ‘ಏಜಾಕ್ಸ್’ ಎಫ್. ಸ್ಟಾರ್ ಅವರು ಲೋಬ್ ಮಾಲೆಗಾಗಿ 1913ರಲ್ಲಿ ಸಿದ್ಧಪಡಿಸಿದ ಪಾಠ. ಆಕ್ಸ್‌ಫರ್ಡಿನವರು 1990ರಲ್ಲಿ ಲಾಯ್ಡ್-ಜೋನ್ಸ್ ಮತ್ತು ವಿಲ್ಸನ್ ಅವರಿಂದ ಪರಿಷ್ಕರಿಸಿ ತಂದ ಪಾಠ ಅಲ್ಲಿಲ್ಲ. ಅದಕ್ಕೆ ಗ್ರಂಥಸ್ವಾಮ್ಯದ ಬೇಲಿ ಇದೆ. ಹೀಗಾಗಿ ಹೊಸ ಯಂತ್ರದಲ್ಲಿ ನಾವು ಓದುವುದು ಹಳೆಯ ಪುಸ್ತಕವನ್ನು. ಅದಾದರೂ ಇರಲಿ ಎಂದರೆ, ಪುಟದ ಕೆಳಗಣ ಪಾಠಾಂತರಗಳಿಗೆ ಅಲ್ಲಿ ಜಾಗವಿಲ್ಲ. ‘ಥೆಸಾರಸ್’ನವರೂ ಅವನ್ನು ಸೇರಿಸಿಕೊಂಡಿಲ್ಲ. ಪಂಪನನ್ನೋ ಕುಮಾರವ್ಯಾಸನನ್ನೋ ಸಂಪಾದಿತ ಆವೃತ್ತಿಯಲ್ಲಿ ಓದಿದವರಿಗೆ ಇದರ ನಷ್ಟವೇನೆಂದು ಗೊತ್ತು. ಯಾವ ಓಲೆಯಲ್ಲಿ ಏನಿತ್ತು, ಸಂಪಾದಕರು ಎಲ್ಲಿ ತಮ್ಮ ಊಹೆಯಿಂದ ಅಕ್ಷರ ಕೂಡಿಸಿದರು ಎಂಬುದು ತಿಳಿಯದಿದ್ದರೆ ನಾವು ಓದುತ್ತಿರುವುದು ಕವಿಯನ್ನೋ ಸಂಪಾದಕರನ್ನೋ? ‘ಏಜಾಕ್ಸ್’ ನಾಟಕದ ಕಡೆಯ ಕೆಲವು ಸಾಲುಗಳು ಸೊಫೋಕ್ಲೀಸನವೇ ಅಲ್ಲವೆಂದು ಶಂಕಿಸುವ ವಿದ್ವಾಂಸರಿದ್ದಾರೆ. ತೆರೆಯ ಮೇಲೆ ಆ ಸಾಲುಗಳೂ ಉಳಿದವುಗಳಷ್ಟೇ ನಿಶ್ಚಿಂತೆಯಿಂದ ಹೊಳೆಯುತ್ತವೆ.

ಇದು ಯಂತ್ರದ ಸ್ವಭಾವದೋಷವೆಂದು ನಾನು ಹೇಳಲಾರೆ. ವೆನಿಸ್ಸಿನಲ್ಲಿರುವ ಇಲಿಯಡ್ಡಿನ ಹತ್ತನೆಯ ಶತಮಾನದ ಪ್ರತಿಯನ್ನು 2007ರಲ್ಲಿ ಛಾಯಾಚಿತ್ರ ತೆಗೆದು, ಅಂಚಿನ ಟಿಪ್ಪಣಿಗಳೊಡನೆ ಎಲ್ಲರಿಗೂ ಒದಗಿಸಿದ ‘ಹೋಮರ್ ಮಲ್ಟಿಟೆಕ್ಸ್ಟ್’ ಯೋಜನೆಯವರು ಒಂದು ಪಾಠವನ್ನು ಗೆಲ್ಲಿಸುವ ಬದಲು ಹಲವು ಪಾಠಗಳನ್ನು ಪಕ್ಕಪಕ್ಕದಲ್ಲಿಡಲು ಹೊರಟವರು. ಮನಸ್ಸಿದ್ದರೆ ಅಚ್ಚಿಗಿಂತ ಚೆನ್ನಾಗಿ ಮಾಡಬಹುದೆಂಬುದಕ್ಕೆ ಅದೇ ಸಾಕ್ಷಿ.

ಇನ್ನು ಪದ ಹುಡುಕುವ ವಿಷಯ. ಹಿಂದೆ ಸೊಫೋಕ್ಲೀಸನ ಪದಪ್ರಯೋಗಗಳಿಗೆ ಎಲೆಂಟ್ ಎಂಬ ಜರ್ಮನ್ ಪಂಡಿತ ಲ್ಯಾಟಿನ್ನಿನಲ್ಲಿ ಬರೆದ ಕೋಶವನ್ನು ತಿರುವಿಹಾಕಬೇಕಿತ್ತು. ಈಗ ಕ್ಷಣಮಾತ್ರದ ಕೆಲಸ. ನಾನು ‘ದಿನ’ ಎಂಬರ್ಥದ ‘ಹೇಮೆರಾ’ ಪದವನ್ನು ‘ಏಜಾಕ್ಸ್’ನಲ್ಲಿ ಹುಡುಕಿದೆ. ಆರಂಭದಲ್ಲೇ ಅಥೀನಾ ದೇವಿ ಒಡಿಸ್ಸಿಯಸ್ಸನಿಗೆ ಹೇಳುತ್ತಾಳೆ: ಮನುಷ್ಯರದ್ದೆಲ್ಲವನ್ನೂ ಬೀಳಿಸುವುದಕ್ಕೂ ಎತ್ತುವುದಕ್ಕೂ ಒಂದು ದಿನ ಸಾಕು. ನಡುವೆ ದೂತ ಬಂದು ಕಾಲ್ಕಸ್ ಜೋಯಿಸನ ಮಾತು ತಿಳಿಸುತ್ತಾನೆ: ದೇವಿಯ ಕೋಪ ಈ ಒಂದು ದಿನಕ್ಕೆ ಮಾತ್ರ; ಇವತ್ತು ಅವನನ್ನು ಡೇರೆಯೊಳಗೆ ಇಟ್ಟುಕೊಂಡರೆ ಬದುಕುತ್ತಾನೆ. ಈ ಎರಡು ಜಾಗಗಳನ್ನು ಯಂತ್ರ ತಂದುಕೊಟ್ಟಿತು, ನಮಸ್ಕಾರ. ಆದರೆ ಇವೆರಡರ ನಡುವೆ, 646ನೆಯ ಸಾಲಿನಿಂದ ಏಜಾಕ್ಸ್ ಮಾತಾಡುತ್ತಾನೆ. ಅವನ ಮಾತು ಮೊದಲಾಗುವುದೇ ಎಣಿಕೆಗೆ ಸಿಗದ ದೀರ್ಘ ಕಾಲವನ್ನು ಕುರಿತು. ಕಾಲ ಎಲ್ಲವನ್ನೂ ಬದಲಿಸುತ್ತದೆ, ತಾನೂ ಬಗ್ಗುತ್ತೇನೆ ಎಂಬಂತೆ ಹೇಳಿ, ಹೆಂಡತಿಯನ್ನೂ ಜೊತೆಗಾರರನ್ನೂ ನಂಬಿಸಿ, ಕತ್ತಿ ಹಿಡಿದು ಹೊರಗೆ ಹೋಗುತ್ತಾನೆ. ದೀರ್ಘ ಕಾಲದ ಮಾತಾಡುವವನಿಗೆ ಉಳಿದಿರುವುದು ಒಂದು ಹಗಲು. ನಾಟಕದ ಕರುಳಿರುವುದು ಈ ಜಾಗದಲ್ಲಿ. ‘ಹೇಮೆರಾ’ ಹುಡುಕಿದವನಿಗೆ ಆ ಮಾತಿನ ಮೊದಲ ಸಾಲು ಸಿಗುವುದಿಲ್ಲ. ಏಕೆಂದರೆ ಅಲ್ಲಿ ಅವನು ಆಡುವ ಪದ ‘ಖ್ರೋನೊಸ್’. ಒಂದನ್ನು ಇನ್ನೊಂದರ ಎದುರಿಗಿಟ್ಟು ನೋಡಬೇಕಾದವನು ಓದುಗ.

ಯಂತ್ರವನ್ನು ಮೊದಲು ಈ ಕೆಲಸಕ್ಕೆ ಹೂಡಿದವರಿಗೆ ಈ ಸೂಕ್ಷ್ಮ ಗೊತ್ತಿತ್ತು. ರೋಬೆರ್ತೊ ಬೂಸಾ ಎಂಬ ಜೆಸ್ವಿಟ್ ಪಾದ್ರಿ ಸಂತ ಥಾಮಸ್ ಅಕ್ವೈನಸನ ಲ್ಯಾಟಿನ್ ಗ್ರಂಥಗಳಲ್ಲಿ ‘ಸಾನ್ನಿಧ್ಯ’ದ ಕಲ್ಪನೆಯನ್ನು ಅಭ್ಯಾಸ ಮಾಡಹೊರಟರು. ಸಾನ್ನಿಧ್ಯವೆಂಬ ಪದವನ್ನು ಹುಡುಕಿದರೆ ಹೆಚ್ಚೇನೂ ದಕ್ಕಲಿಲ್ಲ. ವಿಷಯವೆಲ್ಲ ‘ಇನ್’ ಎಂಬ ಪುಟ್ಟ ಅವ್ಯಯದಲ್ಲಿ, ‘ಒಳಗೆ’ ಎಂಬುದರಲ್ಲಿ, ಅಡಗಿದೆಯೆಂದು ಅವರಿಗೆ ಹೊಳೆಯಿತು. ಹತ್ತು ಸಾವಿರ ಚೀಟಿಗಳನ್ನು ಕೈಯಿಂದಲೇ ಬರೆದರು. ಆಮೇಲೆ 1949ರಲ್ಲಿ ಐ.ಬಿ.ಎಂ. ಕಂಪನಿಯ ನೆರವು ಬೇಡಿ ಅಮೆರಿಕಕ್ಕೆ ಹೋದರು. ಹೊಳೆದದ್ದು ಮೊದಲು, ಯಂತ್ರ ಆಮೇಲೆ. ನಮ್ಮಲ್ಲಿ ಈಗ ಕ್ರಮ ತಿರುಗುಮುರುಗಾಗಿದೆ.

ನನ್ನ ಕಥೆಯನ್ನೇ ಹೇಳುತ್ತೇನೆ. ನಾಲ್ಕು ವರ್ಷ ಪದಗಳನ್ನು ಒತ್ತಿ ಒತ್ತಿ ಎರಡು ನಾಟಕಗಳನ್ನೂ ಓದಿ ಮುಗಿಸಿ, ಸ್ನೇಹಿತರ ನಡುವೆ ಗ್ರೀಕ್ ಬಲ್ಲವನೆಂದು ಸ್ವಲ್ಪ ಬೀಗುತ್ತಲೂ ಇದ್ದೆ. ಒಮ್ಮೆ ಮಳೆಗೆ ಬೀದಿಯ ಮರ ಬಿದ್ದು ಮೂರು ದಿನ ಸಂಪರ್ಕ ಕಡಿದುಹೋಯಿತು. ಅವೆನ್ಯೂ ರಸ್ತೆಯಲ್ಲಿ ಕೊಂಡಿದ್ದ ಹಸಿರು ರಟ್ಟಿನ ಹಳೆಯ ಲೋಬ್ ಸಂಪುಟವನ್ನು ತೆರೆದು ಕುಳಿತೆ. ಎಡಗಡೆಯ ಗ್ರೀಕ್ ಪುಟದಲ್ಲಿ ಹತ್ತು ಸಾಲು ದಾಟಲಾಗಲಿಲ್ಲ. ಅದೇ ಸಾಲುಗಳನ್ನು ನಾನು ಹಿಂದೆ ಓದಿದ್ದೆ! ನಾಚಿಕೆಯಾಯಿತು. ನಮ್ಮ ತಂದೆ ಬೆಳಗಿನ ಜಾವ ಎಬ್ಬಿಸಿ ‘ರಾಮಃ ರಾಮೌ ರಾಮಾಃ’ ಹೇಳಿಸುತ್ತಿದ್ದಾಗ ಎಷ್ಟು ಶಪಿಸಿದ್ದೆನೋ, ಆ ಶಬ್ದಗಳು ಅರವತ್ತರ ಮೇಲೂ ನಾಲಗೆಯಲ್ಲಿವೆ. ಗ್ರೀಕಿನ ‘ಲೋಗೊಸ್’ ನನ್ನ ಬೆರಳಿನಲ್ಲಿತ್ತೇ ಹೊರತು ಬಾಯಲ್ಲಿರಲಿಲ್ಲ.

ಬಾಯಲ್ಲಿಲ್ಲದೆ ಈ ನಾಟಕವನ್ನು ಕೇಳುವುದೂ ಆಗುವುದಿಲ್ಲ. ನಾಯಕನ ಗ್ರೀಕ್ ಹೆಸರು ‘ಐಯಾಸ್’. ಬುದ್ಧಿಭ್ರಮೆ ತಿಳಿದು, ತಾನು ಕೊಂದದ್ದು ಶತ್ರುಗಳನ್ನಲ್ಲ, ದನಕುರಿಗಳನ್ನು ಎಂದು ಕಂಡಾಗ ಅವನು ‘ಐಐ’ ಎಂದು ನರಳುತ್ತಾನೆ. ನನ್ನ ಹೆಸರೇ ನನ್ನ ಗೋಳಾಗುತ್ತದೆಂದು ಯಾರು ಎಣಿಸಿದ್ದರು ಎಂದು ಕೇಳಿಕೊಳ್ಳುತ್ತಾನೆ. ನಮ್ಮ ‘ಅಯ್ಯೋ’ ಅದಕ್ಕೆ ಎಷ್ಟು ಹತ್ತಿರ! ಪದವನ್ನು ಒತ್ತಿದರೆ ಯಂತ್ರ ‘ಉದ್ಗಾರ’ ಎಂದು ಹೇಳಿ ಸುಮ್ಮನಾಗುತ್ತದೆ. ಶ್ರೀಯವರು ಚಿರಂಜೀವಿಯೆಂದು ಹೆಸರಾದ ಅಶ್ವತ್ಥಾಮನಿಗೆ ಈ ಏಜಾಕ್ಸನ ಸಾವನ್ನು ಕೊಟ್ಟದ್ದು ನಮ್ಮಲ್ಲಿ ವಾದಕ್ಕೆ ಕಾರಣವಾದದ್ದುಂಟು. ಪುರಾಣ ಒಪ್ಪಲಿ ಬಿಡಲಿ, ಅಂಥ ಸಾಹಸ ನಿಘಂಟಿನ ಬಲದಿಂದ ಹುಟ್ಟುವುದಲ್ಲ. ಮೂಲದ ಗೋಳು ಕಿವಿಯಲ್ಲಿ ಮೊರೆದಿರಬೇಕು.

ಈಗ ಒಂದು ಪದ್ಧತಿ ಮಾಡಿಕೊಂಡಿದ್ದೇನೆ. ಏಜಾಕ್ಸನ ಆ ಭಾಷಣದ ನಲವತ್ತೇಳು ಸಾಲುಗಳನ್ನು ಕೈಯಲ್ಲಿ ಬರೆದಿಟ್ಟುಕೊಂಡು ದಿನಕ್ಕೆ ಎರಡರಂತೆ ಬಾಯಿಪಾಠ ಮಾಡುತ್ತಿದ್ದೇನೆ. ಎಡವಿದಾಗ ಮೊದಲು ವ್ಯಾಕರಣ, ಆಮೇಲೆ ಜೆಬ್ ಅವರ ವ್ಯಾಖ್ಯಾನ, ಕಟ್ಟಕಡೆಗೆ ಯಂತ್ರ. ಭಾನುವಾರ ಮಾತ್ರ ಫ್ಲಾರೆನ್ಸಿನ ಹಾಳೆಯನ್ನು ತೆರೆಯುತ್ತೇನೆ. ಅಂಚಿನ ಇರುವೆಸಾಲಿನಲ್ಲಿ ಇದುವರೆಗೆ ಬಿಡಿಸಲಾದದ್ದು ಎರಡು ಸಾಲು. ಮೂರನೆಯದರಲ್ಲಿ ಒಂದು ಅಕ್ಷರದ ಮೇಲೆ ಕಲೆ ಬಿದ್ದಿದೆ; ಚಿತ್ರವನ್ನು ಎಷ್ಟು ದೊಡ್ಡದು ಮಾಡಿದರೂ ಕಲೆಯೇ ದೊಡ್ಡದಾಗುತ್ತದೆ.