ಮಿಯಾಟಾಗೆ ಯಾವ ಎಂಜಿನ್?

1989ರ ಷಿಕಾಗೊ ವಾಹನ ಪ್ರದರ್ಶನದಲ್ಲಿ ಮಜ್ದಾ ಮಿಯಾಟಾ ಮೊದಲ ಬಾರಿ ಕಾಣಿಸಿಕೊಂಡಾಗ ಅದರೊಳಗಿದ್ದುದು 1.6 ಲೀಟರಿನ ಸಾಧಾರಣ ಎಂಜಿನ್. ಅಮೆರಿಕದ ಮಾದರಿಗೆ 116 ಅಶ್ವಶಕ್ತಿ. ಎರಡೇ ಸೀಟು, ಮಡಚುವ ಟಾಪು, ಒಂದು ಟನ್ನಿಗೂ ಕಡಿಮೆ ತೂಕ. ತಿರುವಿನಲ್ಲಿ ಅದರ ಚುರುಕಿಗೆ ಮನಸೋತವರೇ ನೇರ ರಸ್ತೆಗೆ ಬಂದಾಗ 'ಇನ್ನಷ್ಟು ದಮ್ಮು ಇರಬೇಕಿತ್ತು' ಎಂದು ಗೊಣಗಿದರು. ಎಂಜಿನ್ ಬದಲಿಸುವ ಹುಚ್ಚು ಹಿಡಿದದ್ದು ಹೀಗೆ.

ಅಮೆರಿಕನ್ನರಿಗೆ ಮೊದಲು ಹೊಳೆಯುವುದು ವಿ8. ಹಿಂದೆ ಫೋರ್ಡಿನ 5 ಲೀಟರ್ ಎಂಜಿನ್ ತುರುಕುತ್ತಿದ್ದರು. ಆಮೇಲೆ ಜನರಲ್ ಮೋಟರ್ಸ್‌ನ ಎಲ್‌ಎಸ್ ಸರಣಿ ಬಂತು. ಕಾರ್ವೆಟ್‌ನಲ್ಲಿ 430 ಅಶ್ವಶಕ್ತಿ ಕೊಡುತ್ತಿದ್ದ ಎಲ್‌ಎಸ್3 ಅನ್ನು ಕೊಲರಾಡೊದ ಫ್ಲೈಯಿನ್ ಮಿಯಾಟಾ ಸಂಸ್ಥೆ ಈ ಪುಟ್ಟ ಕಾರಿನಲ್ಲಿ ಕೂರಿಸಿ ತೋರಿಸಿತು. ಬ್ಲಾಕ್ ಅಲ್ಯೂಮಿನಿಯಮ್ಮಿನದಾದ್ದರಿಂದ ಮೂತಿ ಭಾರ ಅಂದುಕೊಂಡಷ್ಟು ಹೆಚ್ಚುವುದಿಲ್ಲ. ಆದರೆ ಖರ್ಚು? ಅದು ಸನ್ಯಾಸಿಯ ಕೌಪೀನದ ಕಥೆಯೇ. ಎಂಜಿನ್ ಬಂದರೆ ಗೇರ್‌ಬಾಕ್ಸ್ ತಾಳದು. ಅದನ್ನು ಬದಲಿಸಿದರೆ ಡಿಫರೆನ್ಷಿಯಲ್ ಒಡೆಯುತ್ತದೆ. ಆಮೇಲೆ ಆಕ್ಸಲ್, ರೇಡಿಯೇಟರ್, ಬ್ರೇಕ್. ಕೊನೆಗೆ ಮಜ್ದಾದ್ದು ಎಂದು ಉಳಿಯುವುದು ಬಾಗಿಲು, ಡ್ಯಾಶ್‌ಬೋರ್ಡು.

ಹೋಂಡಾದ ಕೆ24 ಇದಕ್ಕಿಂತ ಜಾಣ ಆಯ್ಕೆ. 2.4 ಲೀಟರ್, ಅಕ್ಯುರಾ ಟಿಎಸ್‌ಎಕ್ಸ್ ಕಾರಿನಲ್ಲಿ ಸುಮಾರು 200 ಅಶ್ವಶಕ್ತಿ. ಮಜ್ದಾದ ಎರಕದ ಕಬ್ಬಿಣದ ಬ್ಲಾಕಿನ ಜಾಗದಲ್ಲಿ ಇಲ್ಲಿಯೂ ಅಲ್ಯೂಮಿನಿಯಂ. ಮುಂಚಕ್ರ ಓಡಿಸಲು ಅಡ್ಡಡ್ಡ ಕೂರಿಸಿದ್ದ ಎಂಜಿನ್ ಇದು. ಉದ್ದಕ್ಕೆ ತಿರುಗಿಸಿ, ನಡುವೆ ಅಡಾಪ್ಟರ್ ಪ್ಲೇಟ್ ಕೊಟ್ಟು ಮಜ್ದಾ ಗೇರ್‌ಬಾಕ್ಸಿಗೇ ಜೋಡಿಸಬಹುದು. ಆಯಿಲ್ ಸಂಪ್ ಬೇರೆ ಬೇಕು, ವೈರಿಂಗ್ ಹೊಸದಾಗಬೇಕು. ಅಗ್ಗವಂತೂ ಅಲ್ಲ.

ಎಂಜಿನ್ ಬದಲಿಸದೆ ಟರ್ಬೊ ಹಾಕುವ ಹಾದಿಯೂ ಇದೆ. ಅದನ್ನು ಮಜ್ದಾ ತಾನೇ ತುಳಿದಿತ್ತು: 2004ರ ಮಜ್ದಾಸ್ಪೀಡ್ ಮಿಯಾಟಾಗೆ 178 ಅಶ್ವಶಕ್ತಿ. ಹಳೆಯ 1.6 ಕಾರಿಗೆ ಟರ್ಬೊ ಹಾಕುವವರು ಮೊದಲು ಅದರ ಸಣಕಲು ಡಿಫರೆನ್ಷಿಯಲ್ ಕಿತ್ತು 1.8 ಲೀಟರ್ ಮಿಯಾಟಾದ ಗಟ್ಟಿಮುಟ್ಟಾದದ್ದನ್ನು ಹಾಕಿಕೊಳ್ಳಬೇಕು.

ಇಷ್ಟೆಲ್ಲ ಲೆಕ್ಕ ಹಾಕುವವರು ಮೂವತ್ತು ವರ್ಷದ ಕಾರಿನಡಿ ಒಮ್ಮೆ ತಲೆ ಹಾಕಿ ನೋಡುವುದೇ ಇಲ್ಲ. ಸಸ್ಪೆನ್ಷನ್ ಬುಷ್‌ಗಳ ರಬ್ಬರು ಬಿರಿದಿರುತ್ತದೆ, ಶಾಕ್ ಅಬ್ಸಾರ್ಬರುಗಳಲ್ಲಿ ಎಣ್ಣೆ ಜಿನುಗಿರುತ್ತದೆ, ಟೈರು ಕಲ್ಲಾಗಿರುತ್ತದೆ. ಇವನ್ನು ಸರಿಮಾಡಿ, ಒಳ್ಳೆಯ ಬ್ರೇಕ್ ಪ್ಯಾಡ್ ಹಾಕಿದರೆ 116 ಅಶ್ವಶಕ್ತಿಯಲ್ಲೇ ಕಾರು ಎಷ್ಟು ಬೇಗ ತಿರುವು ದಾಟುತ್ತದೆಂದು ತಿಳಿಯುತ್ತದೆ. ಅದರ ಮೇಲೂ ಆಸೆ ತೀರದವರು, ಹಳೆಯ ಎಂಜಿನ್ ಹೇಗೂ ಸವೆದಿದ್ದರೆ, ಕೆ24 ಹಾಕಿಸಲಿ. ವಿ8 ಬೇಕೇ ಬೇಕೆನ್ನುವವರಿಗೆ ಹಳೆಯ ಕಾರ್ವೆಟ್ಟೇ ವಾಸಿ.