ಆಷಾಢದ ಗಾಳಿಗೆ ಪುಟ್ಟ ವಿಮಾನ

ಶಿವಮೊಗ್ಗ–ಭದ್ರಾವತಿ ನಡುವೆ ಓಡಾಡುವವರಿಗೆ ಸೋಗಾನೆ ಹತ್ತಿರ ಕತ್ತೆತ್ತಿ ನೋಡುವ ಚಟ ಹತ್ತಿದ್ದು 2023ರ ಆಗಸ್ಟ್ 31ರಿಂದ. ಅಂದು ಬೆಂಗಳೂರಿನಿಂದ ಹೊರಟ ಇಂಡಿಗೋದ ಎಟಿಆರ್, ಕುವೆಂಪು ವಿಮಾನ ನಿಲ್ದಾಣದಲ್ಲಿ ಇಳಿಯಿತು. ರನ್‌ವೇ ಮೂರು ಕಿಲೋಮೀಟರಿಗೂ ಉದ್ದವಿದೆ, ಇನ್ನೇನು ಭಯ ಎನ್ನುತ್ತಾರೆ ನಮ್ಮವರು. ಅಡ್ಡಗಾಳಿಯ ಮುಂದೆ ಆ ಉದ್ದ ಅಷ್ಟಾಗಿ ನಡೆಯುವುದಿಲ್ಲ. ವಿಮಾನ ಜಾರುವುದು ಪಕ್ಕಕ್ಕೆ.

ಗಾಳಿ ಒಂದೇ ಸಮ ಬೀಸಿದರೆ ಚಿಂತೆಯಿಲ್ಲ. ಆಷಾಢದ ಗಾಳಿಯ ಕಾಟ ಅದರ ಏರಿಳಿತದಲ್ಲಿದೆ. ತರಬೇತಿಯ ಸೆಸ್ನಾ 172 ಇಳಿಯಲು ಬರುವ ವೇಗ ಸುಮಾರು 65 ನಾಟ್. ಪಕ್ಕದಿಂದ 15 ನಾಟ್ ಗಾಳಿ ಬಡಿದರೆ ಅದು ಮೂಗನ್ನು ಗಾಳಿಯತ್ತ 13 ಡಿಗ್ರಿ ತಿರುಗಿಸಿಕೊಂಡು ಓರೆಯಾಗಿ ಬರಬೇಕು. 110 ನಾಟ್ ವೇಗದ ಎಟಿಆರ್‌ಗೆ ಎಂಟು ಡಿಗ್ರಿಯೊಳಗೇ ಸಾಕು. ತೂಕದ ಮಾತಂತೂ ಬೇಡ: ಒಂದು ಟನ್ ಚಿಲ್ಲರೆ ಎಲ್ಲಿ, ಇಪ್ಪತ್ತು ಟನ್ ಎಲ್ಲಿ! ಬಿರುಗಾಳಿಗೆ ಸೆಸ್ನಾ ತೆಂಗಿನ ಗರಿಯ ಹಾಗೆ ಹಾರಾಡುತ್ತದೆ.

ಚಕ್ರ ನೆಲ ಮುಟ್ಟುವ ಹೊತ್ತಿಗೆ ರಡರ್ ತುಳಿದು ಮೂಗನ್ನು ನೇರ ಮಾಡಬೇಕು, ಗಾಳಿ ಬರುವ ಕಡೆಯ ರೆಕ್ಕೆಯನ್ನು ತುಸು ತಗ್ಗಿಸಬೇಕು. ಆ ಕಡೆಯ ಚಕ್ರ ಮೊದಲು ನೆಲ ಸೋಕುತ್ತದೆ, ಇನ್ನೊಂದು ಆಮೇಲೆ, ಮೂಗಿನದು ಕೊನೆಗೆ. ಇಷ್ಟಾದಾಗ ಕಲಿಯುವ ಹುಡುಗರು ‘ಇಳಿದಾಯ್ತು’ ಎಂದು ಕೈ ಸಡಿಲ ಬಿಡುತ್ತಾರೆ. ಅಪಘಾತ ಕಾದು ಕೂತಿರುವುದು ಅಲ್ಲೇ. ಒಂದು ಬೀಸಿಗೆ ಗಾಳಿ ಕಡೆಯ ರೆಕ್ಕೆ ಮೇಲೇಳುತ್ತದೆ, ಎದುರು ರೆಕ್ಕೆಯ ತುದಿ ನೆಲ ಕೆರೆಯುತ್ತದೆ, ಬಾಲಕ್ಕೆ ಗಾಳಿ ಬಡಿದು ಮೂಗು ಹೊರಳುತ್ತದೆ, ವಿಮಾನ ಹುಲ್ಲಿಗೆ ನುಗ್ಗುತ್ತದೆ. ವಿಮಾನ ನಿಲ್ಲುವವರೆಗೂ ಅದನ್ನು ಹಾರಿಸುತ್ತಲೇ ಇರಬೇಕು.

ದೊಡ್ಡ ವಿಮಾನಕ್ಕೂ ಬಿಡುಗಡೆಯಿಲ್ಲ. 2008ರ ಮಾರ್ಚ್ 1ರಂದು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಬಿರುಗಾಳಿಯ ನಡುವೆ ಇಳಿಯಹೊರಟ ಲುಫ್ತಾನ್ಸಾದ ಏರ್‌ಬಸ್ 320, ಎಡ ರೆಕ್ಕೆಯ ತುದಿಯನ್ನು ರನ್‌ವೇಗೆ ತಾಗಿಸಿತು. ಪೈಲಟ್‌ಗಳು ಹಟಕ್ಕೆ ಬೀಳದೆ ಮೇಲೇರಿಸಿದರು. ಇನ್ನೊಂದು ಸುತ್ತು ಬಂದು ಬೇರೆ ರನ್‌ವೇಯಲ್ಲಿ ಇಳಿದರು. ಯಾರಿಗೂ ಗಾಯವಾಗಲಿಲ್ಲ.

ಲ್ಯಾಂಡಿಂಗ್ ನೋಡುವ ಹುಚ್ಚಿನವರಲ್ಲಿ ಹೆಚ್ಚಿನವರು ಗೊತ್ತೇ ಆಗದ ಹಾಗೆ ಇಳಿಸುವವನಿಗೆ ಚಪ್ಪಾಳೆ ತಟ್ಟುತ್ತಾರೆ. ನನ್ನ ಚಪ್ಪಾಳೆ, ಸರಿಹೋಗಲಿಲ್ಲ ಅನ್ನಿಸಿದ ಕೂಡಲೇ ಥ್ರಾಟಲ್ ಒತ್ತಿ ಮೇಲೇರುವವನಿಗೆ. ಸೋಗಾನೆಗೆ ಬಂದ ವಿಮಾನ ಹವಾಮಾನ ಸರಿಯಿಲ್ಲವೆಂದು ಇಳಿಯದೆ ವಾಪಸಾದರೆ ನಮ್ಮೂರಿನಲ್ಲಿ ಗೊಣಗಾಟ ಶುರುವಾಗುತ್ತದೆ. ಟಿಕೆಟ್ಟಿನ ದುಡ್ಡಿಗೆ ಗೊಣಗಿ, ಬೇಡ ಅನ್ನುವುದಿಲ್ಲ. ಪೈಲಟ್‌ನನ್ನು ಮಾತ್ರ ಬೈಯಬೇಡಿ.